ತಂಬಾಕಿನ ರೋಮಕ್ಕೆ ಗಾಜಿನ ಸೂಜಿ

ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದೂ ವೋಲ್ಟೇಜು ಕುಣಿದು, ಸೂಜಿ ಎಳೆಯುವ ಯಂತ್ರದ ತಂತಿ ಸುಟ್ಟುಹೋಗಬಹುದಿತ್ತು. ಹೆದ್ದಾರಿಯಲ್ಲಿ ಕಬ್ಬಿನ ಲಾರಿ ಹಾದು ಮೇಜು ನಡುಗಿ, ಸೂಜಿಯ ತುದಿ ಕೋಶದೊಳಗೇ ಮುರಿಯಬಹುದಿತ್ತು. ಮುರಿಯದಿದ್ದರೆ ಎಲೆಯ ಅಂಟು ಮೆತ್ತಿ ತುದಿ ಕಟ್ಟಿಕೊಳ್ಳಬಹುದಿತ್ತು. ಕಟ್ಟಿಕೊಳ್ಳದಿದ್ದರೆ ಸೂಜಿಯೊಳಗಿನ ಎಣ್ಣೆ ಹಿಂದಕ್ಕೆ ಸರಿಯುವ ಬದಲು ಮುಂದಕ್ಕೆ ನುಗ್ಗಿ, ಬದುಕಿದ್ದ ಕೋಶವನ್ನು ಎಲ್ಲರ ಕಣ್ಣೆದುರು ಕೊಲ್ಲಬಹುದಿತ್ತು. ನನ್ನ ಕೈ ನಡುಗಬಹುದಿತ್ತು; ಚಹಾದ ಕಪ್ಪುಬಸಿ ಹಿಡಿದಾಗಲೂ ನಡುಗುವ ಕೈ ಅದು. ಸಾವ್ಕಾರರು ಮಾತಿನ ಭರದಲ್ಲಿ ಮೇಜು ಗುದ್ದಬಹುದಿತ್ತು. ಹೆಣ್ಣುಮಕ್ಕಳು ಬಾರದೇ ಇರಬಹುದಿತ್ತು, ಇಲ್ಲವೇ ಬಂದು ಜಗಳ ತೆಗೆಯಬಹುದಿತ್ತು. ನಮ್ಮ ಸಾಹೇಬರು ಭಾಷಣಕ್ಕೆ ನಿಲ್ಲಬಹುದಿತ್ತು. ಯಾರಾದರೂ ಸೀನಬಹುದಿತ್ತು. ತಂಬಾಕಿನ ಊರಿನಲ್ಲಿ ಸೀನದವರನ್ನು ಎಲ್ಲಿಂದ ತರಲಿ?

ಎಲ್ಲರ ಮುಂದೆ ಪ್ರಯೋಗ ಮಾಡಿ ತೋರಿಸಬೇಕಿದ್ದ ದಿನ ಬೆಳಿಗ್ಗೆ ಇದಿಷ್ಟನ್ನೂ ಹೆಂಡತಿಗೆ ಒಪ್ಪಿಸಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

"ನಮ್ಮ ಲಗ್ನದಾಗ ಅಕ್ಕಿಕಾಳ ಕಮ್ಮಿ ಬಿದ್ದಾವಂತ ಮಂಟಪದಾಗ ಕುಂತು ಚಿಂತಿ ಮಾಡಿದವ್ರು ನೀವು. ಹೋಗ್ರಿ, ಇದರಾಗ ಒಂದೂ ಆಗಂಗಿಲ್ಲ. ಆದ್ರ ನೀವು ನೆನಸದ್ದು ಏನರ ಆಕ್ಕೈತಿ."

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಿಪ್ಪಾಣಿಯಲ್ಲಿ ಹೆದ್ದಾರಿಗೆ ಮುಖಮಾಡಿದ ಒಂದು ಸಣ್ಣ ಬೆಳೆರೋಗ ಪ್ರಯೋಗಾಲಯದಲ್ಲಿ ನಾನು ಸಹಾಯಕನಾಗಿದ್ದೆ. ದೀಪಾವಳಿ ಮುಗಿದ ಮೇಲೆ ಒಂದು ದಿನ, ಸದಲಗಾ ದಾರಿಯ ಒಂದು ಹಳ್ಳಿಯಿಂದ ಸಾವ್ಕಾರರೊಬ್ಬರು ಗೋಣಿಚೀಲ ಹೊತ್ತು ಬಂದರು. ತಂಬಾಕು ಬೆಳೆಯುವ, ತಂಬಾಕು ಮಾರುವ ಹಳೆಯ ಮನೆತನದವರು. ಚೀಲವನ್ನು ನನ್ನ ಮೇಜಿನ ಮೇಲೆ ಬೋರಲು ಹಾಕಿದರು. ಎಲೆಗಳ ಮೇಲೆ ಹಸಿರು, ಹಳದಿ ಪಟ್ಟಿಪಟ್ಟಿ. ತಂಬಾಕಿನ ಮಚ್ಚೆ ರೋಗ.

"ಇದು ಕೈಯಿಂದ ಹರಡೂ ರೋಗ ಅಂತ ನಿಮ್ಮ ಪುಸ್ತಕದಾಗ ಐತಿ, ಹೌದಲ್ಲೊ?"

"ಐತ್ರಿ."

"ಹಂಗಾರ ಅಷ್ಟ ಬರದು ಕೊಡ್ರಿ. ಕುಡಿ ಚಿವುಟಾಕ ಬಂದ ಹೆಂಗಸರ ಕೈಯಿಂದ ಬಂದೈತಿ ಅಂತ. ಮುಂಜಾನೆದ್ದು ಹಲ್ಲಿಗೆ ತಂಬಾಕಿನ ಮಿಶ್ರಿ ತಿಕ್ಕೋತಾರ, ಅದಾ ಬೆರಳಿಲೆ ಎಲಿ ಮುಟ್ಟತಾರ. ಅವರ ಕೈ ತಾಕಿದ್ದೆಲ್ಲಾ ಹಾಳಾ."

ಕೊನೆಯ ವಾಕ್ಯ ರೋಗಕ್ಕಷ್ಟೇ ಸಂಬಂಧಿಸಿದ್ದಲ್ಲ ಎಂಬುದು ಅದನ್ನು ಹೇಳಿದ ಧಾಟಿಯಲ್ಲೇ ಇತ್ತು. ಆ ಹೆಣ್ಣುಮಕ್ಕಳು ಊರಾಚೆಯ ದಲಿತ ಬೌದ್ಧರ ಓಣಿಯವರು. ತಂಬಾಕಿನ ಗಿಡ ಎದೆಮಟ್ಟ ಬಂದಾಗ ತುದಿ ಚಿವುಟಬೇಕು, ಎಲೆಯ ಕಂಕುಳಲ್ಲಿ ಮೂಡುವ ಚಿಗುರನ್ನು ಮುರಿಯುತ್ತಿರಬೇಕು. ಸುತ್ತಲಿನ ಹೊಲಗಳಲ್ಲೆಲ್ಲ ಆ ಕೆಲಸ ಮಾಡುತ್ತಿದ್ದದ್ದು ಅವರ ಗುಂಪೇ. ಸಾವ್ಕಾರರು ಅರ್ಧ ಕೆಲಸದಲ್ಲಿ ಅವರನ್ನು ಹೊರಗೆ ಹಾಕಿದ್ದರು. ಈಗ ಸರಕಾರಿ ಮೊಹರಿನ ಕಾಗದ ಬೇಕಾಗಿತ್ತು. ಅದು ಅವರ ಕೈಗೆ ಸಿಕ್ಕರೆ ಮಾರನೆಯ ದಿನವೇ ಎಲ್ಲ ತಂಬಾಕಿನ ಹೊಲಗಳ ಬಾಗಿಲೂ ಆ ಗುಂಪಿಗೆ ಮುಚ್ಚುತ್ತಿತ್ತು. ಅದೂ ಒಂದು ಹಂಗಾಮಿಗಲ್ಲ.

ಸಾಹೇಬರಿಗೆ ಇದೇನೂ ದೊಡ್ಡ ವಿಷಯ ಅನಿಸಲಿಲ್ಲ. "ಎಲಿ ಅರದು ಸಾಕ್ಷಿ ಗಿಡಕ್ಕ ಹಚ್ಚರಿ, ಚುಕ್ಕಿ ಬಂದ್ರ ಬರದು ಕೊಡ್ರಿ. ಊರ ಉಸಾಬರಿ ನಮಗ್ಯಾಕ?" ಎಂದರು.

ಸಾಕ್ಷಿ ಗಿಡವೆಂದರೆ ತಂಬಾಕಿನದೇ ಒಂದು ಕಾಡು ತಳಿ. ಮಚ್ಚೆ ರೋಗದ ವೈರಾಣು ಇರುವ ರಸವನ್ನು ಅದರ ಎಲೆಗೆ ಉಜ್ಜಿದರೆ ಮೂರು-ನಾಲ್ಕು ದಿನಗಳಲ್ಲಿ ಅದೇ ಜಾಗದಲ್ಲಿ ಕಂದು ಚುಕ್ಕೆ ಏಳುತ್ತದೆ. ತಾಗದ ಕಡೆ ಏಳುವುದಿಲ್ಲ. ಅರೆದೆ, ಹಚ್ಚಿದೆ. ಎಲ್ಲಕ್ಕೂ ಚುಕ್ಕೆ ಬಂತು. ಮಚ್ಚೆ ಎದ್ದುಕಾಣುವ ಎಲೆಯ ರಸಕ್ಕೂ ಬಂತು. ನಡು ಹೊಲದ್ದು ಎಂದು ಬೇರೆ ಕಟ್ಟಿ ತಂದಿದ್ದ, ಸ್ವಲ್ಪವೇ ಬಿಳಿಚಿದ ಎಲೆಗಳ ರಸಕ್ಕೂ ಬಂತು. ಬೇರೆಯವರಾಗಿದ್ದರೆ ಅಲ್ಲಿಗೆ ಕಾಗದ ಬರೆದು ಮನೆಗೆ ಹೋಗುತ್ತಿದ್ದರು. ನನಗೆ ಎಲ್ಲವೂ ಸರಿಹೋದರೆ ಅನುಮಾನ ಶುರುವಾಗುತ್ತದೆ. ಸಾವ್ಕಾರರು ಮತ್ತೆ ಬಂದಾಗ ನಮ್ಮ ಗಾಜಿನ ಮನೆಯ ನಿರೋಗಿ ತಂಬಾಕಿನ ಎಲೆಯೊಂದನ್ನು ಅವರ ಕೈಗೆ ಕೊಟ್ಟು, "ಸ್ವಲ್ಪ ಹಿಡೀರಿ, ಕತ್ರಿ ತರ್ತೀನಿ" ಎಂದು ಒಳಗೆ ಹೋದೆ. ಅವರು ಹೋದ ಮೇಲೆ ಅದನ್ನೂ ಅರೆದು ಹಚ್ಚಿದೆ. ಅದಕ್ಕೂ ಚುಕ್ಕೆ.

ಅಂದರೆ ನಾನು ಅರೆದದ್ದು ಎಲೆಯನ್ನಷ್ಟೇ ಅಲ್ಲ, ಅದರ ಮೈಗೆ ಅಂಟಿದ್ದ ಕೈಯನ್ನೂ. ಒಣಗಿದ ತಂಬಾಕಿನಲ್ಲಿ ಈ ವೈರಾಣು ವರ್ಷಗಟ್ಟಲೆ ಸಾಯದೆ ಕೂತಿರುತ್ತದೆ. ತಂಬಾಕಿನ ಧೂಳಿಲ್ಲದ ಕೈ ನಮ್ಮ ಕಡೆ ಯಾರದು? ಎಲೆಯ ಮೇಲಿರುವುದು ಬೇರೆ, ಎಲೆಯ ಒಳಗಿರುವುದು ಬೇರೆ. ರೋಗ ಬಂದಿದೆಯೋ ಇಲ್ಲವೋ ಎಂಬುದನ್ನು ಬದುಕಿರುವ ಕೋಶದ ಒಳಗೆ ಹೋಗಿಯೇ ಕೇಳಬೇಕು.

ಹಾಗೆ ಕೇಳುವ ವಿದ್ಯೆಯನ್ನು ಪುಣೆಯ ಒಬ್ಬ ಪ್ರಾಧ್ಯಾಪಕರ ಬಳಿ ಕೆಲವು ವಾರ ಕಲಿತು ಬಂದಿದ್ದೆ. ಕೂದಲಿನಂಥ ಗಾಜಿನ ನಳಿಗೆಯನ್ನು ಬಿಸಿ ತಂತಿಯ ಸುರುಳಿಯೊಳಗೆ ನಿಲ್ಲಿಸಿ ಕೆಳಗೆ ತೂಕ ಕಟ್ಟಿದರೆ, ಗಾಜು ಮೆತ್ತಗಾದ ಕ್ಷಣ ತೂಕ ಜಾರಿ ನಳಿಗೆ ಎರಡಾಗುತ್ತದೆ. ಆ ತುದಿ ಕಣ್ಣಿಗೆ ಕಾಣುವುದಿಲ್ಲ. ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಅದರಲ್ಲೊಂದು ಪಾಲನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ನ್ಯಾನೋಮೀಟರ್. ನನ್ನ ಸೂಜಿಯ ಬಾಯಿ ಅಂಥ ಕೆಲವು ನೂರರಷ್ಟು. ಇಂದು ಅದಕ್ಕೆಲ್ಲ ನ್ಯಾನೋ ತಂತ್ರಜ್ಞಾನ ಎಂದು ಹೆಸರಿಟ್ಟು ಸಭೆ ಮಾಡುತ್ತಾರೆ. ಆಗ ನಮ್ಮ ಆಫೀಸಿನಲ್ಲಿ ಅದಕ್ಕಿದ್ದ ಹೆಸರು 'ನಿಮ್ಮ ಆ ಹುಚ್ಚು.'

ಸೂಜಿಗಿಂತ ಮೊದಲು ಎಲೆ ಬೇಕಲ್ಲ, ವೈರಾಣು ಅಂಟದ ಕೈಯಿಂದ ಕತ್ತರಿಸಿದ ಎಲೆ. ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿದರೆ ಈ ವೈರಾಣು ಅಂಟುವ ಶಕ್ತಿ ಕಳೆದುಕೊಳ್ಳುತ್ತದೆ. ತಂಬಾಕಿನ ಪ್ರಯೋಗಾಲಯಗಳಲ್ಲಿ ಇದು ದಿನನಿತ್ಯದ ರೂಢಿ. ಹಾಗಾಗಿ ಡೇರಿಯಿಂದ ಹಾಲು ತುಂಬಿಸಿಕೊಂಡು, ಬಕೀಟು ಹಿಡಿದು, ಜೀಪಿನಲ್ಲಿ ಸಾವ್ಕಾರರ ಹೊಲಕ್ಕೆ ಹೋದೆ. ಯಾವ ಸಾಲಿನಲ್ಲಿ ಕೆಲಸ ಮಾಡಿದ್ದರೆಂದು ತೋರಿಸಲು ಹೆಣ್ಣುಮಕ್ಕಳನ್ನೂ ಕರೆಸಿದ್ದೆ. ಜೀವಮಾನದಲ್ಲಿ ನಾನು ಚಿಂತೆ ಮಾಡದೆ ಮಾಡಿದ ಕೆಲಸ ಅದೊಂದೇ. ಅದರ ಫಲ ಕೂಡಲೇ ಸಿಕ್ಕಿತು.

ಗುಂಪಿನ ಹಿರಿಯಳು ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಬಕೀಟನ್ನು ನೋಡಿದಳು, ನನ್ನನ್ನು ನೋಡಿದಳು.

"ಏನ್ರಿ ಇದು?"

"ಹಾಲ್ರಿ ಅಕ್ಕಾರ. ಹೊಲದಾಗ ಹೋಗೂ ಮುಂಚೆ ಇದರಾಗ ಒಮ್ಮಿ ಕೈ ಅದ್ದರಿ."

"ಯಾಕ? ನಮ್ಮನ್ನ ಶುದ್ಧ ಮಾಡಾಕ ಬಂದೀರೇನು?" ಅವಳ ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನಮ್ಮ ಮನ್ಯಾಗ ಬುದ್ಧನ ಫೋಟೋ ಐತ್ರಿ ಸಾಹೇಬ್ರ. ಹಾಲು, ಗೋಮೂತ್ರ, ಇವೆಲ್ಲಾ ಬಿಟ್ಟು ನಮ್ಮ ಅಪ್ಪನ ಕಾಲ ಆತು. ನಮ್ಮ ಕೈ ಶುದ್ಧಾ ಅದಾವ."

"ಅಯ್ಯ, ಹಂಗಲ್ರಿ! ಇದು ರೋಗದ ಸಲುವಾಗಿ. ಎಲ್ಲಾರೂ ಅದ್ದಬೇಕು. ನಾನೂ ಅದ್ದೀನಿ, ನೋಡ್ರಿ." ಮೊಣಕೈತನಕ ಅದ್ದಿದೆ. ಅಂಗಿಯ ತೋಳಿನಿಂದ ಹಾಲು ಸುರಿಯಿತು.

"ಎಲ್ಲಾರೂ ಅಂದ್ರ ಸಾವ್ಕಾರ್ರೂ?"

ಎಲ್ಲರೂ ಸಾವ್ಕಾರರ ಕಡೆ ತಿರುಗಿದರು. ಅವರು ಒಡ್ಡಿನ ಮೇಲೆ ನಿಂತು, ಅಂಗಿಯ ಕಿಸೆಯಲ್ಲಿದ್ದ ಚೀಲದಿಂದ ಹೋದ ವರ್ಷದ ತಂಬಾಕಿನ ಚಿಟಿಕೆ ತೆಗೆದು ಮೂಸುತ್ತಿದ್ದರು. "ನನ್ನ ಹೊಲದಾಗ ಹೋಗಾಕ ನಾ ಕೈ ತೊಳಕೋಬೇಕಾ? ಅದೂ ಇವರು ಕೈ ಅದ್ದಿದ ಬಕೀಟಿನ್ಯಾಗ?"

"ಮೊದಲು ನೀವಾ ಅದ್ದರಿ, ಆಮ್ಯಾಲ ಅವರು ಅದ್ದತಾರ" ಎಂದೆ. ಮಹಾ ಚಾಣಾಕ್ಷತನವೆಂದುಕೊಂಡೇ ಅಂದೆ. ಒಂದೇ ಮಾತಿನಿಂದ ಎರಡೂ ಕಡೆಯವರನ್ನು ಒಟ್ಟಿಗೆ ಕೆರಳಿಸುವ ಕಲೆ ಎಲ್ಲರಿಗೂ ಒಲಿಯುವುದಿಲ್ಲ.

"ಸಾಹೇಬ, ಹುಷಾರ್" ಎಂದರು ಸಾವ್ಕಾರರು. 'ರಿ' ಬಿದ್ದುಹೋಗಿತ್ತು.

"ಆತು ಬಿಡ್ರಿ," ಎಂದಳು ಹಿರಿಯಳು. "ಆ ಸಾವ್ಕಾರ ಮೊದಲು ಅದ್ದಲಿ. ಅವತ್ತ ನಾವೂ ಅದ್ದತೀವಿ. ಅಲ್ಲೀತನಕ ನಮ್ಮನ್ನ ಕರೀಬ್ಯಾಡ್ರಿ."

ಕೊನೆಗೆ ರಸ್ತೆಯಲ್ಲೇ ನಿಂತು ಬೆರಳು ತೋರಿಸಿದರು. ತಾವು ಕುಡಿ ಚಿವುಟಿದ್ದು ನಡು ಹೊಲ, ಮೂಡಲ ಕಡೆ. ಪಡುವಣ ಒಡ್ಡಿನ ಬದಿಯ ಸಾಲುಗಳಿಗೆ ಬರುವ ಮುಂಚೆಯೇ ತಮ್ಮನ್ನು ಹೊರಗೆ ಹಾಕಿದರು ಎಂದರು. ಸಾವ್ಕಾರರೂ ಇದನ್ನು ಅಲ್ಲಗಳೆಯಲಿಲ್ಲ. "ದಾಟಿ ಹೋಗೂಮುಂದ ತಾಕಿರಬೇಕು" ಎಂದಷ್ಟೇ ಗೊಣಗಿದರು. ನಾನು ಹಿರಿಯಳ ಹತ್ತಿರ ಒಂದು ಚಿಟಿಕೆ ಮಿಶ್ರಿ ಕೇಳಿದೆ. ಹಂಚಿನ ಮೇಲೆ ಕರ್ರಗೆ ಹುರಿದು ಪುಡಿ ಮಾಡಿದ ತಂಬಾಕು ಅದು. ನಮ್ಮ ಗಡಿಯ ಕಡೆ ಹೆಂಗಸರು ಹಲ್ಲಿಗೆ ಹಚ್ಚುತ್ತಾರೆ.

"ಅದನ್ನೂ ಪರೀಕ್ಷಾ ಮಾಡತೀರೇನು? ತಗೋರಿ. ಹಲ್ಲೂ ಕಿತ್ತ ಕೊಡ್ಲೇನು?" ಡಬ್ಬಿಯನ್ನು ನನ್ನ ಅಂಗೈ ಮೇಲೆ ಬಡಿದಳು.

ಸಾವ್ಕಾರರ ಚೀಲದಿಂದಲೂ ಒಂದು ಚಿಟಿಕೆ ಬೇಡಿದೆ. ಅವರು ಹೆಮ್ಮೆಯಿಂದಲೇ ಕೊಟ್ಟರು, "ಅಸಲ ನಿಪ್ಪಾಣಿ ಮಾಲ. ನಿಮ್ಮಂಥವರ ಮೂಗಿಗೆ ತಡ್ಯಾಂಗಿಲ್ಲ." ಹಾಲನ್ನು ಹೊಲದ ನಾಯಿ ಕುಡಿಯಿತು. ಆ ಇಡೀ ದಿನ ನನ್ನ ಮೇಲೆ ಸಿಟ್ಟಾಗದ ಪ್ರಾಣಿ ಅದೊಂದೇ.

ಪಡುವಣ ಸಾಲಿನ ಎಳೆ ಎಲೆ, ನಡು ಹೊಲದ ಎಳೆ ಎಲೆ, ಎರಡನ್ನೂ ನಾನೇ ಕತ್ತರಿಸಿ, ತೊಟ್ಟನ್ನು ನೀರಿನ ಶೀಷೆಯಲ್ಲಿಟ್ಟು ತಂದೆ. ಶುರುವಾಯಿತು ನನ್ನ ಹುಚ್ಚು.

ತಂಬಾಕಿನ ಎಲೆಯ ಮೈತುಂಬ ರೋಮಗಳು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೊಂದು ರೋಮವೂ ಒಂದರ ಮೇಲೊಂದು ನಿಂತ ಪಾರದರ್ಶಕ ಕೋಶಗಳ ಸಾಲು. ಒಳಗೆ ಜೀವರಸ ಹರಿಯುತ್ತಿರುತ್ತದೆ. ಸಣ್ಣ ಸಣ್ಣ ಕಣಗಳು ಒಂದು ಗೋಡೆಗುಂಟ ಹೋಗಿ, ತಿರುಗಿ, ಇನ್ನೊಂದು ಗೋಡೆಗುಂಟ ಬರುತ್ತವೆ. ಆ ಹರಿವೇ ಕೋಶ ಬದುಕಿದೆ ಎಂಬುದಕ್ಕೆ ಗುರುತು. ಸೂಜಿಯೊಳಗೆ ಎಣ್ಣೆ ತುಂಬಿ, ಸ್ಕ್ರೂ ಇರುವ ಸಿರಿಂಜಿಗೆ ಜೋಡಿಸಿ, ಕೂದಲೆಳೆಯಷ್ಟು ಕದಲಿಸಬಲ್ಲ ಹಿಡಿಕೆಗೆ ಕಟ್ಟಿ, ಕೋಶದ ಗೋಡೆಗೆ ಮುಟ್ಟಿಸಬೇಕು. ಚುಚ್ಚಿದ ಕೂಡಲೇ ಕೋಶದ ಒತ್ತಡವೇ ಒಂದಿಷ್ಟು ರಸವನ್ನು ಸೂಜಿಗೆ ತಳ್ಳುತ್ತದೆ. ಅಷ್ಟಕ್ಕೇ ನಿಲ್ಲಿಸಿ ಹೊರಗೆ ಬರಬೇಕು. "ಕೋಶಕ್ಕೆ ಗೊತ್ತಾಗದಂತೆ ಕದಿಯಬೇಕು" ಎನ್ನುತ್ತಿದ್ದರು ಪುಣೆಯವರು. ಕದ್ದ ಮೇಲೆ ಹರಿವು ನಿಂತು, ಸ್ವಲ್ಪ ಹೊತ್ತಿಗೆ ಮತ್ತೆ ಹರಿದರೆ ಕಳ್ಳತನ ಯಶಸ್ವಿ.

ಪುಣೆಯ ಕಟ್ಟಡ ಹೆದ್ದಾರಿಯ ಪಕ್ಕ ಇರಲಿಲ್ಲ. ನಮ್ಮದು ಇತ್ತು. ಹೊರಗೆ ಲಾರಿ ಹೋದರೆ ಒಳಗೆ ಸೂಜಿ ಕೋಶದ ಈ ಗೋಡೆಯಿಂದ ಆ ಗೋಡೆಗೆ ಹೋಗುತ್ತಿತ್ತು. ಮೇಜಿನ ಕಾಲುಗಳನ್ನು ಮರಳು ತುಂಬಿದ ಡಬ್ಬಿಗಳಲ್ಲಿ ನಿಲ್ಲಿಸಿದೆ. ಸೂಕ್ಷ್ಮದರ್ಶಕದ ಕೆಳಗೆ ಕಲ್ಲುಹಾಸು, ಕಲ್ಲಿನ ಕೆಳಗೆ ಅರೆಗಾಳಿ ತುಂಬಿದ ಸ್ಕೂಟರ್ ಟ್ಯೂಬು. ಸಾಹೇಬರು ಬಂದು ನೋಡಿ, "ಪಂಕ್ಚರ್ ಅಂಗಡಿ ಹಾಕೀರೇನ್ರಿ?" ಎಂದರು. ಲಾರಿಯ ಕಾಟ ತಗ್ಗಿತು. ಆಮೇಲೆ ಅಂಟು. ತಂಬಾಕಿನ ರೋಮದ ತುದಿಯಿಂದ ಒಸರುವ ಅಂಟು ಸೂಜಿಗೆ ಮೆತ್ತಿಕೊಳ್ಳುತ್ತಿತ್ತು. ತುದಿಗೆ ಹೋಗದೆ ರೋಮದ ಬುಡದ ದೊಡ್ಡ ಕೋಶಕ್ಕೆ ಬದಿಯಿಂದ ನುಗ್ಗುವುದನ್ನು ಕಲಿತೆ. ಕಲಿಯುವಷ್ಟರಲ್ಲಿ ಎಷ್ಟು ಸೂಜಿ ಮುರಿದವೋ ಲೆಕ್ಕವಿಡಲಿಲ್ಲ. ಇಟ್ಟಿದ್ದರೆ ನಿದ್ದೆ ಬರುತ್ತಿರಲಿಲ್ಲ.

ಹೀಗೆ ಹತ್ತಾರು ಕೋಶಗಳಿಂದ ಕದ್ದ ರಸ ಕೂಡಿಸಿದರೂ ಬರಿಗಣ್ಣಿಗೆ ಕಾಣುವಷ್ಟಾಗುತ್ತಿರಲಿಲ್ಲ. ಅದನ್ನು ಒಂದು ಹನಿ ದ್ರಾವಣದಲ್ಲಿ ಬೆರೆಸಿ ಸಾಕ್ಷಿ ಗಿಡದ ಎಲೆಗೆ ಹಚ್ಚಿದೆ: ಎಲೆಯ ಎಡ ಅರ್ಧಕ್ಕೆ ಪಡುವಣ ಸಾಲಿನ ರಸ, ಬಲ ಅರ್ಧಕ್ಕೆ ನಡು ಹೊಲದ ರಸ. ನಾಲ್ಕು ದಿನ ಕಳೆದವು. ಎಡಕ್ಕೂ ಚುಕ್ಕೆ ಇಲ್ಲ, ಬಲಕ್ಕೂ ಇಲ್ಲ.

ಮೊದಲ ಅರ್ಧ ಗಂಟೆ ಕುಣಿದಾಡುವಷ್ಟು ಸಂತೋಷ: ರೋಗವೇ ಇಲ್ಲ, ಹೆಣ್ಣುಮಕ್ಕಳು ಗೆದ್ದರು! ಆಮೇಲೆ ಅನುಮಾನ. ಪಡುವಣ ಸಾಲಿನ ಗಿಡಗಳಿಗೆ ಮಚ್ಚೆ ಇರುವುದು ಕುರುಡನಿಗೂ ಕಾಣುತ್ತದೆ. ಅಲ್ಲೂ ಇಲ್ಲವೆಂದು ನನ್ನ ಸೂಜಿ ಹೇಳಿದರೆ, ಸುಳ್ಳು ಹೇಳುತ್ತಿರುವುದು ಸೂಜಿ. ಊಟ ಬಿಟ್ಟು ಕೂತು ಯೋಚಿಸಿದೆ. ಆ ವೈರಾಣು ಕೋಲಿನ ಆಕಾರದ್ದು. ಉದ್ದ ಮುನ್ನೂರು ನ್ಯಾನೋಮೀಟರ್. ಕೋಶಕ್ಕೆ ನೋವಾದೀತೆಂಬ ಭಯದಲ್ಲಿ ನಾನು ಸೂಜಿಯ ಬಾಯನ್ನು ಎಷ್ಟು ಕಿರಿದು ಮಾಡಿದ್ದೆನೆಂದರೆ, ನೀರು ಒಳಗೆ ಬರುತ್ತಿತ್ತು, ಕೋಲುಗಳು ಬಾಗಿಲಲ್ಲೇ ಅಡ್ಡಬಿದ್ದು ಸಿಕ್ಕಿಕೊಳ್ಳುತ್ತಿದ್ದವು. ನನ್ನ ಅಂಜುಬುರುಕತನಕ್ಕೆ ಗಾಜಿನಲ್ಲಿ ಅಚ್ಚು ತೆಗೆದಂತೆ ಇತ್ತು ಆ ತುದಿ.

ಬಾಯಿ ಅಗಲ ಮಾಡಬೇಕು. ಮಾಡಿದರೆ ಕೋಶ ಸಾಯಬಹುದು. ಸತ್ತ ಕೋಶದ ಸಾಕ್ಷಿಯನ್ನು ಯಾರೂ ಒಪ್ಪುವುದಿಲ್ಲ. ಮಾಡದಿದ್ದರೆ ಸಾಹೇಬರು ಅರೆದ ಎಲೆಯ ಚುಕ್ಕೆಗಳನ್ನೇ ಬರೆದು ಕಾಗದ ಕಳಿಸುತ್ತಾರೆ. ಪ್ರತಿ ಸೂಜಿಯನ್ನೂ ಸೂಕ್ಷ್ಮದರ್ಶಕದ ಕೆಳಗೆ ಒಂದು ಗಾಜಿನ ಕಡ್ಡಿಗೆ ಮೆಲ್ಲಗೆ ತಾಗಿಸಿ, ತುದಿಯನ್ನು ಬೇಕೆಂತಲೇ ಮುರಿಯಲು ನಿರ್ಧರಿಸಿದೆ. ಅದುವರೆಗೆ ಮುರಿಯಬಾರದೆಂದು ಉಸಿರು ಹಿಡಿದಿದ್ದವನು ಈಗ ಮುರಿಯಲೆಂದು ಉಸಿರು ಹಿಡಿದೆ. ಬಹಳ ಕೋಶಗಳು ಸತ್ತವು. ಉಳಿದವುಗಳಲ್ಲಿ ಹರಿವು ನಿಂತು, ಮತ್ತೆ ಶುರುವಾಯಿತು. ಬದುಕಿದವುಗಳ ರಸವನ್ನಷ್ಟೇ ಇಟ್ಟುಕೊಂಡೆ.

ನಾಲ್ಕು ದಿನಕ್ಕೆ ಎಲೆಯ ಎಡ ಅರ್ಧದಲ್ಲಿ ಕಂದು ಚುಕ್ಕೆ ಎದ್ದವು. ಬಲ ಅರ್ಧ ತೊಳೆದಿಟ್ಟಂತೆ ಸ್ವಚ್ಛ. ಮತ್ತೆ ಮಾಡಿದೆ, ಮತ್ತೆ ಹಾಗೇ ಬಂತು. ರೋಗ ಇದ್ದದ್ದು ಹೆಣ್ಣುಮಕ್ಕಳು ಕಾಲಿಡದ ಒಡ್ಡಿನ ಸಾಲುಗಳ ಒಳಗೆ. ಅವರು ಗಿಡಗಿಡವನ್ನೂ ಮುಟ್ಟಿದ್ದ ನಡು ಹೊಲದ ಕೋಶಗಳಲ್ಲಿ ಇರಲಿಲ್ಲ. ಆ ಎಲೆಗಳು ಬಿಳಿಚಿದ್ದು ಬೇರೆ ಯಾವುದೋ ಕೊರತೆಯಿಂದ. ಮಿಶ್ರಿಯನ್ನು ಹಚ್ಚಿದ ಎಲೆಗೆ ಏನೂ ಆಗಲಿಲ್ಲ. ಹಂಚಿನ ಮೇಲೆ ಸುಟ್ಟ ತಂಬಾಕಿನಲ್ಲಿ ವೈರಾಣು ಉಳಿಯುವುದೆಲ್ಲಿ? ಸಾವ್ಕಾರರ ಚೀಲದ ಅಸಲ ಮಾಲು ಹಚ್ಚಿದ ಎಲೆ ಮಾತ್ರ ಸಿಡುಬು ಬಂದಂತಾಗಿತ್ತು.

ಆಗ ನೆನಪಾಯಿತು ಹೊಲದಲ್ಲಿ ಕಂಡಿದ್ದ ಅವರ ನಡಿಗೆ. ಈ ಸೀಮೆಯ ತಂಬಾಕಿನ ಮನೆತನದವರಿಗೆಲ್ಲ ಒಂದು ಚಟ. ಹಳೆಯ ಮಾಲಿನ ಚಿಟಿಕೆ ಮೂಸುವುದು, ಅದೇ ಬೆರಳಿನಿಂದ ನಿಂತ ಬೆಳೆಯ ಎಲೆಯನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸಕಿ ಮೂಸುವುದು. ಹಳೆಯದಕ್ಕೆ ಹೊಸದನ್ನು ತೂಗಿ ನೋಡುವುದು ಎನ್ನುತ್ತಾರೆ. ಉಸಿರಾಡಿದಷ್ಟೇ ಸಹಜವಾಗಿ, ಮಾತಾಡುತ್ತ, ಹತ್ತು ಹೆಜ್ಜೆಗೊಮ್ಮೆ. ಸಾವ್ಕಾರರು ದಿನಾ ಬೆಳಿಗ್ಗೆ ನಡೆಯುತ್ತಿದ್ದದ್ದು ಪಡುವಣ ಒಡ್ಡಿನ ಗುಂಟವೇ.

ಇದನ್ನು ಸಾಹೇಬರ ಮುಂದೆ ಇಟ್ಟಾಗ ಅವರ ಮುಖ ಹುಳ್ಳಗಾಯಿತು. "'ಮನುಷ್ಯರ ಕೈಯಿಂದ ಹರಡಿದೆ' ಅಂತ ಬರದು ಕೈ ತೊಳಕೋರಿ. ಸುಳ್ಳೇನಲ್ಲಲ್ಲ?"

"ಅದನ್ನ ಓದಿದವರು ಯಾರ ಕೈ ಅಂತ ತಿಳಕೋತಾರ್ರಿ?"

ಸಾವ್ಕಾರರಿಗೆ ಸುದ್ದಿ ಮುಟ್ಟಿತು. ಆಫೀಸಿನ ಜಗಲಿಯ ಮೇಲೆ ನಿಂತು ಹೆದ್ದಾರಿಗೆಲ್ಲ ಕೇಳುವಂತೆ ಕೂಗಿದರು. "ಬಾಗಲಾ ಹಾಕ್ಕೊಂಡು, ಗಾಜಿನಾಗ ಕಣ್ಣ ಇಟ್ಟು, ಬಾಯಿಗೆ ಬಂದದ್ದು ಬರೀತೀಯಾ? ಎಷ್ಟ ಹಾಲ ಕುಡಿಸ್ಯಾರ ನಿನಗ ಅವರು? ಧೈರ್ಯ ಇದ್ರ ನನ್ನ ಕಣ್ಣ ಮುಂದ ಮಾಡಿ ತೋರ್ಸು!"

ಸಾಹೇಬರು ಕೂಡಲೇ ಒಪ್ಪಿಕೊಂಡರು; ಸೂಜಿ ಹಿಡಿಯಬೇಕಾದವನು ನಾನಲ್ಲವೇ. ಆ ದಿನದ ಚಿಂತೆಗಳ ಪಟ್ಟಿಯೇ ಮೇಲೆ ಬರೆದದ್ದು.

ಸಾವ್ಕಾರರು ತಮ್ಮ ಕಡೆಯ ಇಬ್ಬರು ರೈತರೊಂದಿಗೆ ಬಂದರು. ಹಿರಿಯಳೂ ತನ್ನ ಗುಂಪಿನವರ ಜೊತೆ ಬಂದು ಜಗಲಿಯ ಕೆಳಗೆ ನಿಂತಳು. ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಸಾಕ್ಷಿ ಗಿಡದ ಎರಡು ಕುಂಡ ಇಟ್ಟಿದ್ದೆ. ಒಂದು ರಸ ಹಚ್ಚುವುದಕ್ಕೆ. ಇನ್ನೊಂದಕ್ಕೆ ಏನೂ ಹಚ್ಚುವುದಿಲ್ಲ. ಅದು ಕೋರಾ ಗಿಡ. ಕೋರಾ ಗಿಡ ಸ್ವಚ್ಛವಾಗಿ ಉಳಿದರಷ್ಟೇ ಪ್ರಯೋಗ ಪಾಸು. ಅದರಲ್ಲೂ ಚುಕ್ಕೆ ಎದ್ದರೆ ಎಲ್ಲವೂ ರದ್ದು. ಇದನ್ನು ಎಲ್ಲರಿಗೂ ಬಿಡಿಸಿ ಹೇಳಿದೆ.

ಕರೆಂಟು ಹೋಗಲಿಲ್ಲ. ಲಾರಿಗಳು ಹೋದವು, ಮೇಜು ಅಲುಗಲಿಲ್ಲ. ನನ್ನ ಕೈ ನಡುಗುವುದನ್ನು ಮರೆತಿತ್ತು. ಪಡುವಣ ಸಾಲಿನ ಎಲೆ ಮುಗಿಸಿ ರಸ ತೆಗೆದಿಟ್ಟು, ನಡು ಹೊಲದ ಎಲೆಗೆ ಸೂಜಿ ಇಳಿಸಿದೆ. "ಬರ್ರಿ, ನೋಡ್ರಿ."

ಸಾವ್ಕಾರರು ಮೊದಲು ಕಣ್ಣಿಟ್ಟರು. "ಏನೋ ಹರ್ಯಾಕತ್ತೈತಿ. ಏನದು?"

"ನಿಮ್ಮ ತಂಬಾಕಿನ ಜೀವ ರೀ."

ಹಿರಿಯಳನ್ನು ಕರೆದೆ. ಅವಳು ಒಳಗೆ ಬರುತ್ತಿದ್ದಂತೆ ಸಾವ್ಕಾರರು ಮೈ ತಾಗದಂತೆ ಗೋಡೆಗೆ ಸರಿದು, ದಾಪುಗಾಲಿಟ್ಟು ಹೊರಗೆ ಹೋದರು. ಅವಳು ಅದನ್ನು ಗಮನಿಸಿದಳು, ಗಮನಿಸಿಲ್ಲವೆಂಬಂತೆ ಕಣ್ಣಿಟ್ಟಳು.

"ಅಗ ಬಾಯಿ!" ಎಂದಳು. ಗಡಿಯ ಹೆಂಗಸರು ಬೆರಗಾದಾಗ ಬಾಯಿಗೆ ಬರುವುದು ಮರಾಠಿಯೇ. "ಇಷ್ಟಕೊಂದು ಓಡ್ಯಾಡತಾವ ಒಳಗ. ನಾವು ಹಂಗಾ ಮುರದು ಒಗೀತೀವಲ್ಲ!"

ನನ್ನ ಕೈ ಸ್ಕ್ರೂ ಮೇಲಿತ್ತು, ಸೂಜಿ ಕೋಶದೊಳಗಿತ್ತು. ಕಣ್ಣಂಚಿನಲ್ಲಿ ಕಿಟಕಿ ಕಂಡಿತು. ಹೊರಗೆ ಸಾವ್ಕಾರರು ಕಟ್ಟೆಗೆ ಒರಗಿ, ಸಿಟ್ಟಿನಲ್ಲಿ ಕಿಸೆಯಿಂದ ಚಿಟಿಕೆ ತೆಗೆದು ಮೂಸಿದರು. ರಸ್ತೆಯ ಕಡೆ ನೋಡುತ್ತಲೇ ಅವರ ಕೈ ಪಕ್ಕದ ಕುಂಡಕ್ಕೆ ಹೋಯಿತು. ಎಲೆಯನ್ನು ಎರಡು ಬೆರಳಿನ ನಡುವೆ ಹೊಸಕಿ, ಮೂಗಿಗೆ ಹಿಡಿದರು. ಕೋರಾ ಗಿಡ.

ಕೂಗಿದರೆ ಸೂಜಿ ಮುರಿಯುತ್ತದೆ. ಎದ್ದರೆ ಕೋಶ ಸಾಯುತ್ತದೆ. ಬಾಯಿ ತೆರೆದೆ, ಮುಚ್ಚಿದೆ. ಸೂಜಿಯನ್ನು ಸುರಕ್ಷಿತವಾಗಿ ಹೊರಗೆ ತಂದೆ. ನಿಂತಿದ್ದ ಹರಿವು ಮತ್ತೆ ಹರಿಯಿತು. ಹಿರಿಯಳು "ಬದಕೇತ್ರಿ!" ಎಂದಳು.

ರಸ ಹಚ್ಚಿದ್ದಾಯಿತು. ಎಲ್ಲರೂ ಹೋದ ಮೇಲೆ ಕೋರಾ ಗಿಡದ ಮುಂದೆ ಬಹಳ ಹೊತ್ತು ನಿಂತೆ. ಗಾಜಿನ ಮನೆಯಲ್ಲಿ ಅಂಥವೇ ಗಿಡಗಳು ಸಾಲಾಗಿದ್ದವು. ಕುಂಡ ಬದಲಿಸಿದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಆದರೆ ಆ ದಿನ ಎಲ್ಲರ ಮುಂದೆ ಕಟ್ಟೆಯ ಮೇಲೆ ಯಾವುದಿತ್ತೋ ಅದೇ ಇರಬೇಕು ಎಂಬುದು ನಾನೇ ಹೇಳಿದ ನಿಯಮ. ಬದಲಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ನಾಲ್ಕನೆಯ ದಿನ ಎಲ್ಲರೂ ಮತ್ತೆ ಸೇರಿದರು. ರಸ ಹಚ್ಚಿದ ಗಿಡದ ಎಡ ಅರ್ಧದಲ್ಲಿ ಚುಕ್ಕೆ, ಬಲ ಅರ್ಧ ಸ್ವಚ್ಛ. ಆಮೇಲೆ ಸಾಹೇಬರು ಕೋರಾ ಗಿಡವನ್ನು ತಿರುಗಿಸಿದರು.

"ಅರೆ! ಇದಕ್ಕೂ ಬಂದಾವಲ್ರಿ!" ಅವರ ದನಿಯಲ್ಲಿ ನೆಮ್ಮದಿ ಇತ್ತು. "ಹಂಗಾರ ಎಲ್ಲಾ ರದ್ದು."

"ಹೇಳಿದ್ನಿಲ್ಲ ನಾ!" ಸಾವ್ಕಾರರು ಮುಂದೆ ನುಗ್ಗಿದರು. "ಎಲ್ಲಾ ಸುಳ್ಳ, ಎಲ್ಲಾ ನಾಟಕ! ಎಲ್ಲಿ, ನೋಡೂನು ತಡಿ." ಬಗ್ಗಿದರು. ಬಗ್ಗುತ್ತಲೇ ಕೈ ತಾನಾಗಿ ಮುಂದೆ ಹೋಯಿತು, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಎಲೆಯನ್ನು ಹಿಡಿಯಲು. ಹಿಡಿಯುವ ಮುಂಚೆ ಗಾಳಿಯಲ್ಲೇ ನಿಂತಿತು. ಹೆಬ್ಬೆರಳಿನ ಕೆಳಗೆ, ಸರಿಯಾಗಿ ಅದರಷ್ಟೇ ಅಗಲಕ್ಕೆ, ಚುಕ್ಕೆಗಳಿದ್ದವು. ಎಲೆಯ ಉಳಿದ ಭಾಗ ಪೂರ್ತಿ ಹಸಿರು.

ಜೊತೆಗೆ ಬಂದಿದ್ದ ರೈತರಲ್ಲೊಬ್ಬರು ತಮ್ಮ ಕೈಯನ್ನು ತಂಬಾಕಿನ ಚೀಲವಿದ್ದ ಕಿಸೆಯಿಂದ ಮೆಲ್ಲಗೆ ಹೊರಗೆ ತೆಗೆದರು.

"ಸಾವ್ಕಾರ್ರ," ಎಂದಳು ಹಿರಿಯಳು, "ನಾಳೆ ಮುಂಜಾನೆ ನಾವು ಹೊಲಕ್ಕ ಬರ್ತೀವಿ. ಹಾಲಿನ ಬಕೀಟ ಇಟ್ಟಿರ್ರಿ. ಮೊದಲು ನೀವು."

ಸಾವ್ಕಾರರು ನನ್ನ ಕಡೆ ನೋಡಿದ ನೋಟವನ್ನು ನೆನೆದರೆ ಈಗಲೂ ನನಗೆ ಬಿಕ್ಕಳಿಕೆ ಬರುತ್ತದೆ. ಕಾಗದದ ಮಾತೆತ್ತದೆ ಹೊರಟುಹೋದರು. ಮರುದಿನ ಹೊಲಕ್ಕೆ ಹೋಗುವ ಧೈರ್ಯ ನನಗಾಗಲಿಲ್ಲ. ಹಾಲು ಒಯ್ದ ಜೀಪಿನ ಚಾಲಕ ಬಂದು ಹೇಳಿದ: ಮೊದಲು ಅದ್ದಿದವರು ಅವರೇ, ಅದ್ದುತ್ತ ನನ್ನ ಮೂರು ತಲೆಮಾರನ್ನು ಬೈದರು, ಆಮೇಲೆ ಹೆಣ್ಣುಮಕ್ಕಳು ಅದ್ದಿ ಸಾಲಿಗೆ ಇಳಿದರು. ಆ ಹಂಗಾಮು ಮುಗಿಯುವವರೆಗೂ ಬಕೀಟು ಒಡ್ಡಿನ ಮೇಲಿತ್ತು, ಬೈಗುಳವೂ ನಿಲ್ಲಲಿಲ್ಲವಂತೆ.

ಸಾಹೇಬರ ಹಟಕ್ಕೆ, ಪ್ರಯೋಗ ರದ್ದಾಯಿತೆಂದು ನಾನೇ ಬರೆದು ಸಹಿ ಹಾಕಿದೆ. ನಿಯಮದ ಪ್ರಕಾರ ಅದು ನಿಜವೇ. ಕರೆಂಟು, ವೋಲ್ಟೇಜು, ಲಾರಿ, ಅಂಟು, ಎಣ್ಣೆ, ನನ್ನ ಕೈ, ಯಾರ ಸೀನೂ ಏನನ್ನೂ ಕೆಡಿಸಲಿಲ್ಲ. ಕೆಟ್ಟದ್ದು ಇಷ್ಟೇ: ಏನೂ ಆಗಬಾರದಾಗಿದ್ದ ಗಿಡದ ಒಂದು ಎಲೆ, ಅದರ ಮೇಲೆ ಒಂದು ಹೆಬ್ಬೆರಳಿನಷ್ಟು ಜಾಗ.